ಹಾಂಗ್‌ಕಾಂಗ್ ಸೂಟಿಗೆ ಎಷ್ಟು ದಿನ ಬೇಕು?

ಸ್ಟಾರ್ ಫೆರಿಯಿಂದ ಕೌಲೂನ್ ದಡಕ್ಕಿಳಿದು ನೇಥನ್ ರಸ್ತೆ ಹಿಡಿದರೆ ಸಾಕು, ಕೈಯಲ್ಲಿ ವಿಸಿಟಿಂಗ್ ಕಾರ್ಡು ಹಿಡಿದ ಯಾರಾದರೊಬ್ಬರು ನಮ್ಮ ಜೊತೆ ಹೆಜ್ಜೆ ಹಾಕತೊಡಗುತ್ತಾರೆ. ‘ಸೂಟ್, ಸರ್? ನಾಳೆ ಸಂಜೆಗೆ ರೆಡಿ.’ ಭಾರತೀಯರ ಮುಖ ಕಂಡರೆ ಮಾತು ಹಿಂದಿಗೆ ತಿರುಗುತ್ತದೆ. ಎರಡು ಸೂಟು ಹೊಲಿಸಿದರೆ ಎರಡು ಶರ್ಟು, ಒಂದು ಟೈ ಉಚಿತ ಎಂಬ ಆಹ್ವಾನವೂ ಜೊತೆಗಿರುತ್ತದೆ. ಕಂಪನಿ ಕೆಲಸದ ಮೇಲೆ ಬೆಂಗಳೂರಿನಿಂದ ಹೋದವರು, ಮಗನ ಆರತಕ್ಷತೆಗೆ ಒಳ್ಳೆಯ ಸೂಟು ಬೇಕೆಂದುಕೊಂಡವರು, ಅಲ್ಲಿ ಒಂದು ಗಳಿಗೆ ನಿಂತು ಯೋಚಿಸುತ್ತಾರೆ. ಅಲ್ಲಿ ಹೊಲಿಸಿದರೆ ಚೆನ್ನಾಗಿರುತ್ತದಂತೆ, ಹೌದಾ ಎಂದು ನನ್ನನ್ನೂ ಹಲವರು ಕೇಳಿದ್ದಾರೆ. ನಾನು ತಿರುಗಿ ಕೇಳುವುದು ಒಂದೇ: ಅಲ್ಲಿ ಎಷ್ಟು ದಿನ ಇರುತ್ತೀರಿ? ಅಂಗಡಿ ಯಾವುದು, ಬಟ್ಟೆ ಯಾವ ದೇಶದ್ದು, ಎಷ್ಟು ಚೌಕಾಸಿ ಮಾಡಬಹುದು ಎಂಬುದೆಲ್ಲ ಆಮೇಲಿನ ಮಾತು.

ಹಾಂಗ್‌ಕಾಂಗಿಗೆ ಈ ಹೆಸರು ಸುಮ್ಮನೆ ಬಂದದ್ದಲ್ಲ. ಚೀನಾದ ನಿಂಗ್‌ಬೋ ಸೀಮೆಯ ದರ್ಜಿಗಳು ಶಾಂಘೈಗೆ ಹೋಗಿ, ಅಲ್ಲಿದ್ದ ಯೂರೋಪಿಯನ್ನರಿಗೆ ಕೋಟು ಹೊಲಿಯುತ್ತ ಪಾಶ್ಚಾತ್ಯ ಕಟಿಂಗ್ ಕಲಿತಿದ್ದರು. 1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಾಗ ಅವರಲ್ಲಿ ಅನೇಕರು ಕತ್ತರಿ, ಇಸ್ತ್ರಿಪೆಟ್ಟಿಗೆ ಕಟ್ಟಿಕೊಂಡು ಬ್ರಿಟಿಷರ ವಸಾಹತಾಗಿದ್ದ ಹಾಂಗ್‌ಕಾಂಗಿಗೆ ಬಂದರು. ಇಂದಿಗೂ ಶರ್ಟಿಗೆ ಹೆಸರಾದ ಆಸ್ಕಾಟ್ ಚಾಂಗ್ ಅಂಗಡಿ 1953ರಲ್ಲಿ ಶುರುವಾದದ್ದು ಇಂಥದೇ ಕೈಗಳಿಂದ.

ಇನ್ನೊಂದು ಕಡೆಯಿಂದ ಬಂದವರು ನಮ್ಮ ಸಿಂಧಿಗಳು. ಸಿಂಧ್ ಪ್ರಾಂತ್ಯದ ಹೈದರಾಬಾದಿನ ವ್ಯಾಪಾರಿಗಳು 19ನೇ ಶತಮಾನದ ಉತ್ತರಾರ್ಧದಿಂದಲೇ ರೇಷ್ಮೆ, ಕಸೂತಿ, ಕುಶಲವಸ್ತುಗಳ ಗಂಟು ಹೊತ್ತು ಬಂದರಿನಿಂದ ಬಂದರಿಗೆ ಅಂಗಡಿ ಹಾಕಿದವರು. ದೇಶ ವಿಭಜನೆಯಾಗಿ ಊರೇ ಗಡಿಯಾಚೆ ಉಳಿದುಹೋದಾಗ ಇನ್ನಷ್ಟು ಸಿಂಧಿ ಕುಟುಂಬಗಳು ಹಾಂಗ್‌ಕಾಂಗನ್ನು ನೆಚ್ಚಿದವು. ಅಲ್ಲಿ ಬ್ರಿಟಿಷ್ ಸೈನಿಕರ ದಂಡಿತ್ತು. ಸೈನಿಕನಿಗೆ ಊರಿಗೆ ಹೋಗುವಾಗ ತೊಡಲು ಒಂದು ಸೂಟು ಬೇಕು, ಕೈಯಲ್ಲಿ ಹಣ ಕಡಿಮೆ, ರಜೆ ಇನ್ನೂ ಕಡಿಮೆ. ಹರಿ ಹರಿಲೇಲ ಮತ್ತು ಅವರ ಸೋದರರು ಸೈನಿಕರಿಗೆ ಬಟ್ಟೆ ಹೊಲಿಸಿಕೊಡುತ್ತಲೇ ಮೇಲೆದ್ದು ಮುಂದೆ ಹೋಟೆಲ್ ಉದ್ಯಮಿಗಳಾದರು. ಸ್ಯಾಮ್ ಮೇಲ್ವಾನಿ 1957ರಲ್ಲಿ ತೆರೆದ ಸ್ಯಾಮ್ಸ್ ಟೈಲರ್, ನೇಥನ್ ರಸ್ತೆಯ ಇಕ್ಕಟ್ಟಾದ ಮಳಿಗೆಯೊಂದರಲ್ಲಿ ಇಂದಿಗೂ ಇದೆ. ಗೋಡೆಯ ತುಂಬ ಗಣ್ಯ ಗಿರಾಕಿಗಳ ಫೋಟೋಗಳು.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯವರು ಕೆಲವೇ ದಿನಗಳ ವಿರಾಮಕ್ಕೆಂದು ಹಾಂಗ್‌ಕಾಂಗಿನಲ್ಲಿ ಇಳಿಯುತ್ತಿದ್ದರು. ಹಡಗು ಹೊರಡುವ ಮುನ್ನ ಸೂಟು ಕೈಗೆ ಸಿಗಬೇಕು. ‘24 ಗಂಟೆಯ ಸೂಟು’ ಲೋಕಪ್ರಸಿದ್ಧವಾದದ್ದು ಇಂಥ ಗಿರಾಕಿಗಳ ಅವಸರದಿಂದ. ಮುಕ್ತ ಬಂದರಾದ್ದರಿಂದ ಇಂಗ್ಲೆಂಡ್, ಇಟಲಿಯ ಉಣ್ಣೆ ಬಟ್ಟೆಗೆ ಸುಂಕವಿರಲಿಲ್ಲ. ಶಾಂಘೈ ಕೈಗಳ ಕೂಲಿ ಲಂಡನ್ನಿನ ಕೂಲಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಳತೆ ತೆಗೆದು ಮಾತಾಡುವವನು ಸಿಂಧಿ, ಹಿಂದಿನ ಕೋಣೆಯಲ್ಲಿ ಹೊಲಿಯುವವನು ಚೀನೀಯ. ಎಷ್ಟೋ ಅಂಗಡಿಗಳು ಈ ವಿಂಗಡಣೆಯ ಮೇಲೆಯೇ ನಿಂತಿದ್ದವು. ಈಗ ಹಾಂಗ್‌ಕಾಂಗಿನ ಬಾಡಿಗೆ, ಕೂಲಿ ಎರಡೂ ಗಗನಕ್ಕೇರಿರುವುದರಿಂದ ಹಲವು ಅಂಗಡಿಗಳ ಹೊಲಿಗೆ ಗಡಿಯಾಚೆಯ ಶೆನ್‌ಜೆನ್‌ನಲ್ಲಿ ನಡೆಯುತ್ತದೆ. ಅದರಿಂದ ಹೊಲಿಗೆ ಕೆಟ್ಟಿತು ಎಂದುಕೊಳ್ಳಬೇಕಿಲ್ಲ. ಆದರೆ ನಿಮ್ಮ ಮೈಯನ್ನು ಕಣ್ಣಾರೆ ಕಂಡವನಿಗೂ ಸೂಜಿ ಹಿಡಿದವನಿಗೂ ನಡುವೆ ಈಗ ಒಂದು ಊರಿನ ದೂರವಿದೆ. ಆ ದೂರವನ್ನು ತುಂಬುವುದು ಟ್ರಯಲ್ ಒಂದೇ.

24 ಗಂಟೆಯಲ್ಲಿ ಸೂಟು ಹೊಲಿಯುವುದು ಸಾಧ್ಯವೇ? ಸಾಧ್ಯ. ಕೋಟು ಒಬ್ಬರಿಗೆ, ಪ್ಯಾಂಟು ಇನ್ನೊಬ್ಬರಿಗೆ, ಕಾಜ ಮತ್ತೊಬ್ಬರಿಗೆ ಹಂಚಿ ರಾತ್ರಿಯಿಡೀ ಕೂತರೆ ಬೆಳಗ್ಗೆ ಸೂಟು ನೇತಾಡುತ್ತಿರುತ್ತದೆ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ದರ್ಜಿಗಳು 2004ರಲ್ಲಿ ಕಟ್ಟಿಕೊಂಡ ಸಂಘದ ಲೆಕ್ಕದಲ್ಲಿ ಒಂದು ಸೂಟಿಗೆ ಕನಿಷ್ಠ 50 ಗಂಟೆಗಳ ಕೈಕೆಲಸ ಬೇಕು. ಆ ಗಂಟೆಗಳನ್ನು ಜನರಿಗೆ ಹಂಚಬಹುದು. ಹಂಚಲಾಗದ ಸಂಗತಿಯೊಂದಿದೆ: ತೊಟ್ಟು ನೋಡಿ, ಬಿಚ್ಚಿ, ಮತ್ತೆ ಹೊಲಿದು, ಮತ್ತೆ ತೊಟ್ಟು ನೋಡುವುದು. ಅದು ಒಂದರ ಹಿಂದೆ ಒಂದು ಆಗಬೇಕಾದ ಕೆಲಸ. ಹತ್ತು ಜನ ಸೇರಿದರೂ ಬೇಗ ಮುಗಿಯದು.

ಇದು ನನಗೆ ಸರಿಯಾಗಿ ಅರ್ಥವಾದದ್ದು ಕೌಲೂನಿನ ಚಿಮ್ ಶಾ ಚುಯಿಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿದ್ದ ಸಣ್ಣ ಅಂಗಡಿಯಲ್ಲಿ, ಹುಬ್ಬಳ್ಳಿಯ ಗೆಳೆಯರೊಬ್ಬರ ಮೊದಲ ಟ್ರಯಲ್ಲಿಗೆ ಜೊತೆಗೆ ಹೋದಾಗ. ಒಳಗಿನಿಂದ ಬಂದ ಕೋಟು ನೋಡಿ ಅವರು ಗಾಬರಿಯಾದರು. ‘ಇದೇನ್ರೀ, ಅರ್ಧಾ ಕೆಲಸಾನೂ ಆಗಿಲ್ಲಲಾ!’ ಕಾಲರ್ ಇಲ್ಲ, ಒಂದೇ ತೋಳು, ಜೇಬಿನ ಜಾಗದಲ್ಲಿ ಸೀಮೆಸುಣ್ಣದ ಗೆರೆ, ಮೈಯೆಲ್ಲ ಬಿಳಿ ದಾರದ ಉದ್ದುದ್ದ ಕಚ್ಚಾ ಹೊಲಿಗೆ. ಒಳ್ಳೆಯ ಅಂಗಡಿಯ ಮೊದಲ ಟ್ರಯಲ್ ಹೀಗೆಯೇ ಇರಬೇಕು. ಪಕ್ಕಾ ಹೊಲಿಗೆ ಬೀಳದ ಕೋಟನ್ನು ಮಾತ್ರ ಮನಸ್ಸಿಗೆ ಬಂದಂತೆ ಬಿಚ್ಚಬಹುದು.

ಅಲ್ಲಿನ ಮಾಸ್ಟರ್ ವಯಸ್ಸಾದ ಶಾಂಘೈ ಮನುಷ್ಯ. ಟೇಪು ಕುತ್ತಿಗೆಯಲ್ಲಿ ನೇತಾಡುತ್ತಿದ್ದರೂ ಅದನ್ನು ಮುಟ್ಟಲೇ ಇಲ್ಲ. ಮೊದಲು ಗೆಳೆಯರನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದರು. ಕನ್ನಡಿ ಕಂಡ ಕೂಡಲೇ ಎಲ್ಲರೂ ಎದೆ ಉಬ್ಬಿಸಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾರಲ್ಲ, ಆ ಮೈಗೆ ಹೊಲಿದರೆ ಮನೆಗೆ ಹೋದಮೇಲೆ ಕೋಟು ಕೂರುವುದಿಲ್ಲ. ಬಾಗಿಲ ತನಕ ನಡೆಸಿದರು, ಕುರ್ಚಿಯ ಮೇಲೆ ಕೂರಿಸಿದರು, ಟೀ ಲೋಟ ಎತ್ತುವಂತೆ ಸನ್ನೆ ಮಾಡಿದರು. ಆಮೇಲೆ ಬೆನ್ನ ಹಿಂದೆ ನಿಂತು ಸುಮ್ಮನೆ ನೋಡಿದರು. ಬಲ ಭುಜದ ಕೆಳಗಿನಿಂದ ಬೆನ್ನಿಗೆ ಓರೆಯಾಗಿ ಒಂದು ಸುಕ್ಕು ಇಳಿದಿತ್ತು. ಬಲ ಭುಜ ಎಡಕ್ಕಿಂತ ತುಸು ಕೆಳಗಿದೆ ಎಂಬುದಕ್ಕೆ ಅದೇ ಗುರುತು. ಬಲಗೈ ಬಳಸುವ ಬಹಳ ಜನರ ಮೈ ಹೀಗೇ ಇರುತ್ತದೆ. ಮಾಸ್ಟರ್ ಭುಜದ ಹೊಲಿಗೆಯನ್ನು ಚಿವುಟಿ ಹಿಡಿದು ಗುಂಡುಪಿನ್ನು ಚುಚ್ಚಿದರು. ಸುಕ್ಕು ಮಾಯವಾಯಿತು.

ಆಮೇಲಿನದು ತೋಳಿನ ಸರದಿ. ನಿಂತಾಗ ಕೆಲವರ ಕೈ ನೇರಕ್ಕೆ ಜೋತುಬೀಳುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ಕೈ ಎಷ್ಟೋ ಸಲ ಮುಂದಕ್ಕೆ ಬಾಗಿರುತ್ತದೆ. ಗೆಳೆಯರದು ಎರಡನೆಯ ಬಗೆ. ಹೀಗಾಗಿ ತೋಳಿನ ಹಿಂಭಾಗದಲ್ಲಿ ಮೊಣಕೈ ತನಕ ನೆರಿಗೆ ಎದ್ದಿತ್ತು. ಮಾಸ್ಟರ್ ಬ್ಲೇಡಿನಿಂದ ಬಿಳಿ ದಾರ ಕತ್ತರಿಸಿ, ತೋಳನ್ನೇ ಕಿತ್ತು ಕೈಗೆ ತೆಗೆದುಕೊಂಡರು. ಬಟ್ಟೆಯ ಒಂದು ಕೊಳವೆಯಂತಿದ್ದ ಅದನ್ನು ಬೆರಳಗಲಕ್ಕಿಂತ ಕಡಿಮೆ ಮುಂದಕ್ಕೆ ತಿರುಗಿಸಿ ಮತ್ತೆ ಪಿನ್ನು ಹಾಕಿದರು. ನೆರಿಗೆ ಇಲ್ಲ. ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆದು ಗುರುತು ಮಾಡಿಕೊಂಡರು. ಈ ತಿರುವು ಯಾವ ಟೇಪಿನ ಅಳತೆಗೂ ಸಿಗುವಂಥದಲ್ಲ. ಇಪ್ಪತ್ತೈದು ಅಳತೆ ಬರೆದುಕೊಂಡರೂ, ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದರೂ, ತೊಟ್ಟಾಗ ಕಾಣುವ ಸುಕ್ಕಷ್ಟೇ ಅದನ್ನು ಹೇಳಬಲ್ಲದು.

ಎರಡನೇ ಟ್ರಯಲ್ಲಿಗೆ ಕೋಟು ಬಹುಪಾಲು ಮುಗಿದಿರುತ್ತದೆ. ಆಗ ನೀವು ನೋಡಬೇಕಾದದ್ದು ಕಾಲರ್. ಹಿಂದುಗಡೆ ಕೋಟಿನ ಕಾಲರ್ ಶರ್ಟಿನ ಕಾಲರಿಗೆ ಅಂಟಿಕೊಂಡಿರಬೇಕು, ಶರ್ಟಿನದು ಅರ್ಧ ಇಂಚಿನಷ್ಟು ಮೇಲೆ ಕಾಣಬೇಕು. ಕೈ ಮುಂದೆ ಚಾಚಿದರೂ ನಡುವೆ ಕಿಂಡಿ ಬೀಳಬಾರದು. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ನನ್ನ ಅನುಭವದಲ್ಲಿ, ಇವೆರಡು ಸರಿಯಿದ್ದರೆ ಉಳಿದದ್ದನ್ನು ಸರಿಪಡಿಸಿಕೊಳ್ಳಬಹುದು. ಇವೆರಡು ತಪ್ಪಿದರೆ ಬಟ್ಟೆ ಎಷ್ಟೇ ದುಬಾರಿಯದಾಗಿದ್ದರೂ ನೋಡುವವರಿಗೆ ಎರವಲು ಕೋಟು ಹಾಕಿಕೊಂಡಂತೆ ಕಾಣುತ್ತದೆ.

ಅವಸರದ ಸೂಟಿನಲ್ಲಿ ಕಣ್ಣಿಗೆ ಕಾಣದೆ ಕಳೆದುಹೋಗುವ ಇನ್ನೊಂದು ಭಾಗ ಒಳಗಿನ ಕ್ಯಾನ್ವಾಸ್. ಕೋಟಿನ ಮುಂಭಾಗ, ಎದೆ ಮತ್ತು ಮಡಿಸಿದ ಲ್ಯಾಪಲ್, ತನ್ನ ಆಕಾರ ಹಿಡಿದು ನಿಲ್ಲುವುದು ಮೇಲಿನ ಉಣ್ಣೆಯ ಬಲದಿಂದಲ್ಲ. ಅದರ ಒಳಗೆ ಹತ್ತಿ, ಉಣ್ಣೆ, ಕುದುರೆ ಕೂದಲು ಸೇರಿಸಿ ನೇಯ್ದ ಒಂದು ಪದರವಿರುತ್ತದೆ. ಹಳೆಯ ಪದ್ಧತಿಯಲ್ಲಿ ಅದನ್ನು ನೂರಾರು ಸಡಿಲ ಕೈಹೊಲಿಗೆಗಳಿಂದ ಬಟ್ಟೆಗೆ ಕೂಡಿಸುತ್ತಾರೆ. ಹೊಲಿಯುವಾಗ ದರ್ಜಿ ಲ್ಯಾಪಲನ್ನು ಬೆರಳ ಮೇಲೆ ಬಾಗಿಸಿ ಹಿಡಿದಿರುತ್ತಾನೆ, ಆ ಬಾಗು ಬಟ್ಟೆಯಲ್ಲೇ ಉಳಿದುಬಿಡುತ್ತದೆ. ಹಬೆ ಕೊಟ್ಟು ಇಸ್ತ್ರಿ ಮಾಡಿದರೆ ಉಣ್ಣೆ ಹಿಗ್ಗುತ್ತದೆ, ಕುಗ್ಗುತ್ತದೆ. ಎದೆಯ ಉಬ್ಬು, ಬೆನ್ನಿನ ಇಳಿಜಾರು ಬರುವುದು ಕತ್ತರಿಯಿಂದ ಎಷ್ಟೋ ಅಷ್ಟೇ ಇಸ್ತ್ರಿಯಿಂದ. ಹಬೆ ಆರಿ ಬಟ್ಟೆ ಕೂರಲು ಹೊತ್ತು ಬೇಕು.

ಅದಕ್ಕೆ ಬದಲು ಅಂಟು ಹಚ್ಚಿದ ಪದರವನ್ನು ಯಂತ್ರದ ಬಿಸಿ ಒತ್ತಡದಲ್ಲಿ ಬಟ್ಟೆಗೆ ಅಂಟಿಸಿಬಿಡಬಹುದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಂದ ಈ ಉಪಾಯ ರೆಡಿಮೇಡ್ ಉದ್ಯಮವನ್ನೇ ಬದಲಿಸಿತು. ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಡ್ರೈಕ್ಲೀನಿಂಗ್ ಮಾಡಿಸುತ್ತ ಹೋದಂತೆ ಅಂಟು ಅಲ್ಲಲ್ಲಿ ಬಿಟ್ಟು, ಎದೆಯ ಮೇಲೆ ಗುಳ್ಳೆ ಎದ್ದ ಹಾಗೆ ಕಾಣುವ ಅಪಾಯವಿದೆ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಕೆಳಗಿನ ಗುಂಡಿಯ ಹತ್ತಿರ ಕೋಟಿನ ಮುಂಭಾಗವನ್ನು ಎರಡೂ ಕಡೆಯಿಂದ ಬೆರಳಲ್ಲಿ ಹಿಡಿದು ನಿಧಾನಕ್ಕೆ ಎಳೆಯಿರಿ. ಮೇಲಿನ ಬಟ್ಟೆ ಮತ್ತು ಒಳ ಬಟ್ಟೆಯ ನಡುವೆ ಮೂರನೆಯ ಪದರವೊಂದು ಬೇರೆಯಾಗಿ ತೇಲಾಡಿದರೆ ಅದು ಪೂರ್ತಿ ಕ್ಯಾನ್ವಾಸ್. ಮೇಲಿನ ಬಟ್ಟೆಯೇ ದಪ್ಪಗೆ, ಬಿಗಿಯಾಗಿ ಸಿಕ್ಕರೆ ಅಲ್ಲಿ ಅಂಟಿದೆ. ಎದೆಯ ತನಕ ಮಾತ್ರ ಕ್ಯಾನ್ವಾಸ್, ಕೆಳಗೆ ಅಂಟು, ಹೀಗೆ ಅರ್ಧರ್ಧ ಮಾಡುವುದೂ ಇದೆ. ವರ್ಷಕ್ಕೆ ನಾಲ್ಕು ಮದುವೆಗೆ ಹಾಕುವವರಿಗೆ ಆ ಅರ್ಧ ಕ್ಯಾನ್ವಾಸ್ ಧಾರಾಳ ಸಾಕು. ಎರಡು ಸೂಟು, ಮರುದಿನ, ಅಗ್ಗದ ದರ ಎಂದಾಗ ಮಾತ್ರ ಒಳಗೆ ಅಂಟೇ ಇದೆ ಎಂದು ತಿಳಿದು ಬೆಲೆ ಕಟ್ಟಿ.

ಬಟ್ಟೆಯ ವಿಷಯದಲ್ಲಿ ಗಿರಾಕಿಯನ್ನು ಹೆಚ್ಚು ದಾರಿ ತಪ್ಪಿಸುವುದು ‘ಸೂಪರ್’ ಅಂಕೆಗಳು. ಸೂಪರ್ 100, 120, 150 ಎನ್ನುವುದು ಉಣ್ಣೆಯ ಎಳೆ ಎಷ್ಟು ಸಣ್ಣದು ಎಂಬುದರ ಅಳತೆ. ಅಂತರರಾಷ್ಟ್ರೀಯ ಉಣ್ಣೆ ಸಂಘಟನೆಯ ನಿಯಮದ ಪ್ರಕಾರ ಸೂಪರ್ 100 ಎಂದರೆ ಎಳೆ 18.75 ಮೈಕ್ರಾನ್‌ಗಿಂತ ದಪ್ಪ ಇರಬಾರದು. 150ಕ್ಕೆ ಆ ಮಿತಿ 16.25 ಮೈಕ್ರಾನ್. ಅಂಕೆ ಏರಿದಂತೆ ಮುಟ್ಟಿದರೆ ಬೆಣ್ಣೆಯಂತಿರುತ್ತದೆ ನಿಜ, ಹಾಗೆಯೇ ಬೇಗ ಮುದುಡುತ್ತದೆ, ಬೇಗ ಸವೆಯುತ್ತದೆ. ಆಫೀಸಿಗೆ, ಪ್ರಯಾಣಕ್ಕೆ ಹಾಕುವ ಸೂಟಿಗೆ 100ರಿಂದ 120 ಸಾಕು. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು ತೂಕ. ಒಂದು ಮೀಟರ್ ಉದ್ದಕ್ಕೆ 240ರಿಂದ 280 ಗ್ರಾಂ ತೂಗುವ ಬಟ್ಟೆ ಬೆಂಗಳೂರಿನ ಹವೆಗೆ ಹೊಂದುತ್ತದೆ. ಮಂಗಳೂರು, ಕಾರವಾರದವರು ಹೆಚ್ಚು ಹುರಿ ಕೊಟ್ಟ ನೂಲಿನ, ಗಾಳಿಯಾಡುವ ತೆಳು ಉಣ್ಣೆಯನ್ನು ಕೇಳಿ, ಬೆನ್ನಿನ ಕಡೆ ಲೈನಿಂಗ್ ಅರ್ಧಕ್ಕೇ ನಿಲ್ಲಿಸಲು ಹೇಳಬೇಕು. ಬೆವರಿಸುವುದು ಬಹಳ ಸಲ ಉಣ್ಣೆಗಿಂತ ಒಳಗಿನ ಪಾಲಿಯೆಸ್ಟರ್ ಲೈನಿಂಗೇ. ಎಸಿ ಅಂಗಡಿಯಲ್ಲಿ ನಿಂತು ಆರಿಸುವಾಗ ಇದು ಹೊಳೆಯುವುದಿಲ್ಲ.

ಹೆಸರಾಂತ ಗಿರಣಿಗಳು ಬಟ್ಟೆಯ ಅಂಚಿನಲ್ಲಿ ತಮ್ಮ ಹೆಸರು ನೇಯ್ದಿರುತ್ತವೆ. ಇಟಲಿಯ ಬಿಯೆಲ್ಲಾ ಸೀಮೆಯದೋ, ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನದೋ ಎಂದು ಅಂಗಡಿಯವರು ಹೇಳಿದರೆ, ಸ್ಯಾಂಪಲ್ ಪುಸ್ತಕದ ತುಣುಕನ್ನಷ್ಟೇ ನೋಡದೆ, ನಿಮ್ಮ ಸೂಟಿಗೆ ಕತ್ತರಿಸುವ ಬಟ್ಟೆಯ ಅಂಚನ್ನೇ ತೋರಿಸಲು ಕೇಳಿ. ಗಿರಣಿಯ ಹೆಸರು ಬಿಲ್ಲಿನಲ್ಲೂ ಬರಲಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಒಳ್ಳೆಯ ದರ್ಜಿಗಳು ಇಂಥ ಗಿರಾಕಿಯನ್ನು ಇನ್ನಷ್ಟು ಗೌರವದಿಂದ ಕಾಣುತ್ತಾರೆ.

ಲಂಡನ್ನಿನಲ್ಲಿ ಹೊಲಿಸುವವರ ಕಥೆ ಬೇರೆ. ಹೆನ್ರಿ ಪೂಲ್ ತಂದೆಯ ಅಂಗಡಿಯ ಬಾಗಿಲನ್ನು 1846ರಲ್ಲಿ ಸ್ಯಾವಿಲ್ ರೋ ಕಡೆಗೆ ತೆರೆದ ಮೇಲೆ ಬೆಳೆದ ಆ ಬೀದಿಯಲ್ಲಿ ಒಂದು ಸೂಟಿನ ಬೆಲೆ ಈಗ 5,000 ಪೌಂಡ್ ದಾಟುತ್ತದೆ. ಮೂರು ಟ್ರಯಲ್, ತಿಂಗಳುಗಟ್ಟಲೆ ಕಾಯುವಿಕೆ. ಗಿರಾಕಿಯ ಮೈಗೆಂದೇ ಕಂದು ಕಾಗದದಲ್ಲಿ ಕತ್ತರಿಸಿದ ಪ್ಯಾಟರ್ನ್ ಅಂಗಡಿಯಲ್ಲೇ ಉಳಿಯುತ್ತದೆ. ನಮ್ಮಲ್ಲಿ ಬಹುಪಾಲು ಜನಕ್ಕೆ ಆ ಬೆಲೆ ಎಟುಕದು, ಎಟುಕಬೇಕೆಂದೂ ಇಲ್ಲ. ಆದರೆ ಅವರ ಕ್ರಮದಿಂದ ಕಲಿಯಬಹುದಾದದ್ದು ಈ ಕಾಗದದ ಪ್ಯಾಟರ್ನ್. ಹಾಂಗ್‌ಕಾಂಗಿನ ಒಳ್ಳೆಯ ಅಂಗಡಿಗಳೂ ಇದನ್ನು ಮಾಡುತ್ತವೆ. ಅಗ್ಗದ ಅಂಗಡಿಗಳು ತಮ್ಮಲ್ಲಿರುವ ಸಿದ್ಧ ಅಳತೆಯ ಪ್ಯಾಟರ್ನನ್ನೇ ಅಲ್ಲಲ್ಲಿ ಹಿಗ್ಗಿಸಿ ಕುಗ್ಗಿಸಿ ಬಳಸುತ್ತವೆ. ಅದೂ ಒಂದು ಮರ್ಯಾದಸ್ಥ ಪದ್ಧತಿಯೇ, ಎಷ್ಟೋ ಮೈಗಳಿಗೆ ಚೆನ್ನಾಗಿಯೇ ಕೂರುತ್ತದೆ. ನನಗೆಂದೇ ಹೊಸದಾಗಿ ಪ್ಯಾಟರ್ನ್ ಕತ್ತರಿಸುತ್ತೀರಾ ಎಂದು ಮೊದಲೇ ಕೇಳಿಬಿಟ್ಟರೆ ಯಾವುದಕ್ಕೆ ಹಣ ಕೊಡುತ್ತಿದ್ದೇವೆ ಎಂಬುದು ತಿಳಿಯುತ್ತದೆ. ಬ್ಯಾಂಕಾಕಿನ ಸುಖುಂವಿತ್ ರಸ್ತೆಯ ಅಂಗಡಿಗಳಿಗೂ ವಿಯೆಟ್ನಾಮಿನ ಹೋಯಿ ಆನ್ ಪಟ್ಟಣದ ದರ್ಜಿಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ.

ಹಾಗಾದರೆ ಎಷ್ಟು ದಿನ? ವಿಮಾನ ಹತ್ತುವ ದಿನ ಬಿಟ್ಟು ಕನಿಷ್ಠ ಆರು. ಇಳಿದ ದಿನವೇ ಅಂಗಡಿಗೆ ಹೋಗಿ ಬಟ್ಟೆ ಆರಿಸಿ ಅಳತೆ ಕೊಡಿ. ಕಚ್ಚಾ ಹೊಲಿಗೆಯ ಟ್ರಯಲ್ ಮೂರನೇ ದಿನಕ್ಕೆ ಬರಲಿ, ಎರಡನೆಯದು ಐದನೇ ದಿನಕ್ಕೆ. ಎರಡನೇ ಟ್ರಯಲ್ಲಿಗೂ ವಿಮಾನಕ್ಕೂ ನಡುವೆ ಒಂದು ದಿನ ಉಳಿಸಿಕೊಳ್ಳಲೇಬೇಕು, ಏಕೆಂದರೆ ತಿದ್ದುಪಡಿ ಬೇಕಾಗುವುದು ಆಗಲೇ. ಹೊರಡುವ ದಿನ ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಸೂಟು ಎತ್ತಿಕೊಳ್ಳುವವರಿಗೆ ಸಿಗುವುದು ಟ್ರಯಲ್ಲೇ ಆಗದ ಸೂಟು. ಟ್ರಯಲ್ಲಿಗೆ ಹೋಗುವಾಗ ಸೂಟಿನ ಜೊತೆ ಹಾಕುವ ಶೂ, ಉದ್ದ ತೋಳಿನ ಶರ್ಟು, ಬೆಲ್ಟು ಧರಿಸಿಯೇ ಹೋಗಿ. ಚಪ್ಪಲಿಯಲ್ಲಿ ನಿಂತು ಅಳೆಸಿದ ಪ್ಯಾಂಟಿನ ಉದ್ದ ಶೂ ಮೇಲೆ ಸರಿಬರುವುದಿಲ್ಲ.

ಕೆಲಸದ ಮೇಲೆ ಆಗಾಗ ಹೋಗಿ ಬರುವವರಿಗೆ ಇನ್ನೂ ಅನುಕೂಲ. ಒಂದು ಪ್ರಯಾಣದಲ್ಲಿ ಅಳತೆ ಕೊಟ್ಟು, ಮುಂದಿನ ಪ್ರಯಾಣದಲ್ಲಿ ಟ್ರಯಲ್ ಮುಗಿಸಿ, ಅದರ ಮುಂದಿನದರಲ್ಲಿ ಸೂಟು ತೆಗೆದುಕೊಂಡರೆ ಅವರಿಗೆ ಸಿಗುವುದು ಹಾಂಗ್‌ಕಾಂಗ್ ಕೊಡಬಲ್ಲ ಅತ್ಯುತ್ತಮ ಕೆಲಸ. ಅಮೆರಿಕ, ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಹಾಂಗ್‌ಕಾಂಗಿಗೆ ಹೋಗಲೇಬೇಕೆಂದಿಲ್ಲ. ಹಾಂಗ್‌ಕಾಂಗಿನ ಹಲವು ದರ್ಜಿಗಳು ವರ್ಷಕ್ಕೆ ಕೆಲವು ಬಾರಿ ದೊಡ್ಡ ನಗರಗಳ ಹೋಟೆಲ್ ಕೋಣೆಗಳಲ್ಲಿ ತಂಗಿ ಅಳತೆ ತೆಗೆಯುತ್ತಾರೆ. ಒಂದು ಭೇಟಿಯಲ್ಲಿ ಅಳತೆ ತೆಗೆದು ಮುಂದಿನ ಭೇಟಿಗೆ ಟ್ರಯಲ್ ಕೋಟು ಹೊತ್ತು ತರುವವರನ್ನು ಆರಿಸಿ. ಅಳತೆ ತೆಗೆದು ನೇರ ಅಂಚೆಯಲ್ಲಿ ಸೂಟು ಕಳಿಸುವವರನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಹಾಂಗ್‌ಕಾಂಗಿನಲ್ಲಿ ಎರಡೇ ದಿನ ಇರುವವರು ಅಲ್ಲಿ ಶರ್ಟು ಹೊಲಿಸಿಕೊಳ್ಳಲಿ, ಸೂಟಿಗೆ ಊರೇ ವಾಸಿ. 1923ರಲ್ಲಿ ಶುರುವಾದ ಪಿ. ಎನ್. ರಾವ್ ಅಂಗಡಿ ಬೆಂಗಳೂರಿನಲ್ಲಿ ಈಗಲೂ ಸೂಟು ಹೊಲಿಯುತ್ತಿದೆ. ಜಿಲ್ಲಾ ಕೇಂದ್ರಗಳಲ್ಲೂ ಕೋಟಿನ ಕಟಿಂಗ್ ಬಲ್ಲ ಹಳೆಯ ಮಾಸ್ಟರುಗಳಿದ್ದಾರೆ. ಅಲ್ಲಿಗೆ ಮೂರನೇ ಸಲ, ನಾಲ್ಕನೇ ಸಲ ಹೋಗಿ ‘ಇಲ್ಲಿ ಸ್ವಲ್ಪ ಹಿಡೀತಿದೆ ನೋಡಿ’ ಎನ್ನಬಹುದು. ಕೌಲೂನಿನ ಅಂಗಡಿಗೆ ಬೆಂಗಳೂರಿನಿಂದ ಆ ಮಾತು ಹೇಳುವುದು ಹೇಗೆ?

ಕೊನೆಯ ಟ್ರಯಲ್ಲಿನಲ್ಲಿ ಕೆಲವನ್ನು ಬಾಯಿಬಿಟ್ಟು ಹೇಳಬೇಕು. ತೋಳಿನ ತುದಿಯ ಗುಂಡಿಗಳಿಗೆ ನಿಜವಾದ ಕಾಜ ಬೇಕೆಂದಿದ್ದರೆ, ತೋಳಿನ ಉದ್ದ ಅಂತಿಮವಾಗುವ ತನಕ ಅದನ್ನು ಕತ್ತರಿಸದಿರಲು ತಿಳಿಸಿ. ಕಾಜ ಬಿದ್ದಮೇಲೆ ತೋಳನ್ನು ತುದಿಯಿಂದ ಗಿಡ್ಡ ಮಾಡಲಾಗದು, ಭುಜದ ಕಡೆಯಿಂದ ಬಿಚ್ಚಬೇಕಾಗುತ್ತದೆ. ಪ್ಯಾಂಟಿನ ಸೊಂಟದಲ್ಲಿ, ಕೋಟಿನ ಪಕ್ಕದ ಹೊಲಿಗೆಗಳಲ್ಲಿ ಒಳಗೆ ಧಾರಾಳವಾಗಿ ಬಟ್ಟೆ ಬಿಡಲು ಹೇಳಿ. ಊರಿಗೆ ಬಂದು ಮೈ ಬಂದರೆ ಇಲ್ಲಿನ ಟೈಲರ್ ಅದನ್ನು ಬಿಚ್ಚಿ ಹಿಗ್ಗಿಸಿಕೊಡುತ್ತಾರೆ. ಭುಜದ ಅಗಲ, ಕೋಟಿನ ಉದ್ದ, ಲ್ಯಾಪಲಿನ ಆಕಾರ ಇವನ್ನು ಮಾತ್ರ ಇಲ್ಲಿ ಮುಟ್ಟಿಸಬೇಡಿ; ಅಂಥ ತಪ್ಪು ಕಂಡರೆ ಅಲ್ಲೇ, ಹೊರಡುವ ಮುನ್ನವೇ ಸರಿಮಾಡಿಸಿಕೊಳ್ಳಬೇಕು. ಉಳಿದ ಬಟ್ಟೆಯ ಒಂದು ತುಂಡನ್ನೂ ಎರಡು ಹೆಚ್ಚುವರಿ ಗುಂಡಿಗಳನ್ನೂ ಕೇಳಿ ತೆಗೆದುಕೊಳ್ಳಿ. ಸಿಗರೇಟಿನ ಕಿಡಿ ತಾಗಿ ತೂತಾದರೆ ರಫೂ ಮಾಡುವವರಿಗೆ ಅದೇ ಬಟ್ಟೆಯ ಎಳೆ ಬೇಕಾಗುತ್ತದೆ. ಬಿಲ್ಲಿನ ಮೇಲೆ ನಿಮ್ಮ ಪ್ಯಾಟರ್ನಿನ ನಂಬರು ಬರೆಸಿಕೊಂಡು ಜೋಪಾನವಾಗಿಡಿ. ಮುಂದಿನ ಸಲ ಹೋದಾಗ ಮೈ ಅಷ್ಟೇ ಇದ್ದರೆ ಒಂದು ಟ್ರಯಲ್ ಸಾಕಾಗುತ್ತದೆ, ನಾಲ್ಕೈದು ಕಿಲೋ ಏರಿಳಿತವಾಗಿದ್ದರೆ ಅಳತೆ ಹೊಸದಾಗಿಯೇ ಕೊಡಬೇಕು.